ಸಂಸದರ ಮತದ ಜಾಡು ಹಿಡಿಯಲು ಸಂಸತ್ತಿನ ಜಾಲತಾಣ: ಹಾಸನ, ಚಿಕ್ಕಮಗಳೂರಿನ ಮತದಾರರಿಗೊಂದು ವಿಮರ್ಶೆ

ಚಿಕ್ಕಮಗಳೂರಿನವರು ಈ ಸೇವೆಯಲ್ಲಿ ಮೊದಲು ತೆಗೆದು ನೋಡಬೇಕಾದದ್ದು 1978ರ ಡಿಸೆಂಬರ್ 19ರ ಲೋಕಸಭೆಯ ಚರ್ಚೆ. ಅದರ ಹಿಂದಿನ ತಿಂಗಳಷ್ಟೇ ಉಪಚುನಾವಣೆಯಲ್ಲಿ ಇಲ್ಲಿಂದ ಆರಿಸಿ ಹೋಗಿದ್ದ ಇಂದಿರಾ ಗಾಂಧಿಯವರನ್ನು ಸದನ ಅಂದು ಉಚ್ಚಾಟಿಸಿತು. ಪರವಾಗಿ 279, ವಿರೋಧವಾಗಿ 138, ತಟಸ್ಥರು 37. ಆ 37 ಮಂದಿ ತಟಸ್ಥರಾಗಿ ಉಳಿದದ್ದಕ್ಕೆ ಸ್ಥಾನ ಕಳೆದುಕೊಳ್ಳುವ ಭಯ ಇರಲಿಲ್ಲ, ಏಕೆಂದರೆ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಸಂವಿಧಾನಕ್ಕೆ ಸೇರಿದ್ದು 1985ರಲ್ಲಿ. ಇವತ್ತು ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಇದ್ದಾಗ ತಟಸ್ಥರಾದರೂ ಸದಸ್ಯತ್ವಕ್ಕೇ ಕುತ್ತು. 1985ಕ್ಕೆ ಮೊದಲಿನ ಮತವನ್ನೂ ಆಮೇಲಿನ ಮತವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸೇವೆ ಎರಡು ಕಡೆ ಹಂಚಿಹೋಗಿದೆ. ಇತ್ತೀಚಿನದಕ್ಕೆ ಸಂಸದ್ ಡಾಟ್ ಇನ್, ಹಳೆಯದಕ್ಕೆ ಪಾರ್ಲಿಮೆಂಟ್ ಡಿಜಿಟಲ್ ಲೈಬ್ರರಿ. ಎರಡಕ್ಕೂ ದುಡ್ಡು ಕೊಡಬೇಕಿಲ್ಲ. 1978ರದ್ದು ಆರನೇ ಲೋಕಸಭೆಯಾದ್ದರಿಂದ ಲೈಬ್ರರಿಯಲ್ಲಿ ಲೋಕಸಭೆಯ ಸಂಖ್ಯೆ 6 ಎಂದು ಆರಿಸಿ, ದಿನಾಂಕ ಕೊಟ್ಟರೆ ಆ ದಿನದ ಪೂರ್ತಿ ಚರ್ಚೆ ಪಿಡಿಎಫ್ ಆಗಿ ಸಿಗುತ್ತದೆ. ಹಳೆಯ ಮುದ್ರಿತ ಪುಸ್ತಕವನ್ನೇ ಸ್ಕ್ಯಾನ್ ಮಾಡಿದ್ದರಿಂದ ಅಕ್ಷರ ಗುರುತಿಸುವಲ್ಲಿ ತಪ್ಪುಗಳಾಗುತ್ತವೆ. ಹೆಸರು ಹಾಕಿ ಹುಡುಕಿದಾಗ ಸಿಗಲಿಲ್ಲವೆಂದು ಕೈಬಿಡಬೇಡಿ. 'ಡಿವಿಜನ್' (ಮತವಿಭಜನೆ, ಅಂದರೆ ಯಾರು ಯಾವ ಕಡೆ ಎಂದು ಹೆಸರು ದಾಖಲಿಸಿ ಮತ ಎಣಿಸುವುದು) ಎಂಬ ಪದವನ್ನು ಇಂಗ್ಲಿಷ್‌ನಲ್ಲಿ ಹಾಕಿ ಹುಡುಕಿ, ಅಲ್ಲಿಂದ ಮುಂದೆ ಕಣ್ಣಲ್ಲೇ ಓದುವುದು ಲೇಸು.

ಹೊಸ ಚರ್ಚೆಗಳಲ್ಲಿ ತೊಡಕು ಬೇರೆಯದು. ಮತವಿಭಜನೆಯ ಪಟ್ಟಿಯಲ್ಲಿ ಹೆಸರು ಮಾತ್ರ ಇರುತ್ತದೆ, ಪಕ್ಷ ಮತ್ತು ಕ್ಷೇತ್ರ ಇರುವುದಿಲ್ಲ. ಅದೂ ಇಂಗ್ಲಿಷ್ ಅಕ್ಷರಮಾಲೆಯಂತೆ, ಕೊನೆಯ ಹೆಸರಿನಿಂದ ಶುರು. ಮನೆತನದ ಹೆಸರೇ ಇಲ್ಲದ ನಮ್ಮ ಕಡೆಯವರನ್ನು ಹೀಗೆ ಹುಡುಕುವುದು ಕಷ್ಟ. ಹಾಸನದ ಶ್ರೇಯಸ್ ಪಟೇಲ್ ಅವರನ್ನು 'ಪಟೇಲ್' ಎಂದು ಹುಡುಕಿದರೆ ಗುಜರಾತಿನವರ ಸಾಲೇ ಎದುರಾಗುತ್ತದೆ. ಹಾಗಾಗಿ ಮೊದಲು ಸದಸ್ಯರ ಪುಟಕ್ಕೆ ಹೋಗಿ, ಅಲ್ಲಿರುವ ಇಂಗ್ಲಿಷ್ ಕಾಗುಣಿತವನ್ನು ಹಾಗೇ ಬರೆದಿಟ್ಟುಕೊಳ್ಳಿ. ಕಡೂರಿನವರು ಹಾಸನದ ಸಂಸದರನ್ನು ನೋಡಬೇಕು. ಮೂಡಿಗೆರೆ, ಶೃಂಗೇರಿ, ತರೀಕೆರೆ, ಚಿಕ್ಕಮಗಳೂರಿನವರಿಗೆ ಉಡುಪಿ-ಚಿಕ್ಕಮಗಳೂರಿನ ಸಂಸದರು.

ಮಧ್ಯರಾತ್ರಿ ದಾಟಿದ ಮತವನ್ನು ಹಿಂದಿನ ದಿನದ ಕಲಾಪದಲ್ಲಿ ಹುಡುಕಬೇಕು. 2025ರ ವಕ್ಫ್ ತಿದ್ದುಪಡಿ ಮಸೂದೆಗೆ ಲೋಕಸಭೆಯಲ್ಲಿ ಏಪ್ರಿಲ್ 3ರ ನಸುಕಿನಲ್ಲಿ ಮತ ಬಿತ್ತು, ಕಲಾಪ ಮಾತ್ರ ಏಪ್ರಿಲ್ 2ರದು. ರಾಜ್ಯಸಭೆಯ ಮತ ಏಪ್ರಿಲ್ 3ರ ಕಲಾಪದಲ್ಲಿದೆ, ಅದನ್ನು ತೆರೆದು ಓದುವುದು ಸಾರ್ಥಕ. ಒಡಿಶಾದ ಬಿಜು ಜನತಾದಳ ಅಂದು ವಿಪ್ ಕೊಡದೆ, ಆತ್ಮಸಾಕ್ಷಿಯಂತೆ ನಡೆದುಕೊಳ್ಳಿ ಎಂದು ತನ್ನ ಸದಸ್ಯರಿಗೆ ಬಿಟ್ಟಿತ್ತು. ಒಂದೇ ಪಕ್ಷದವರ ಹೆಸರುಗಳು ಎಲ್ಲೆಲ್ಲಿ ಬಿದ್ದಿವೆ ಎಂದು ನೋಡಲು ಇಂಥ ಅವಕಾಶ ನಮ್ಮಲ್ಲಿ ಅಪರೂಪ. ಪಟ್ಟಿಯ ಅಡಿಟಿಪ್ಪಣಿಗಳನ್ನು ತಪ್ಪದೆ ಓದಿ. ಯಂತ್ರದಲ್ಲಿ ದಾಖಲಾಗದ ಅಥವಾ ತಪ್ಪಾಗಿ ಒತ್ತಿದ ಮತವನ್ನು ಚೀಟಿ ಕೊಟ್ಟು ಸರಿಪಡಿಸಿಕೊಂಡವರ ಹೆಸರು ಅಲ್ಲಿರುತ್ತದೆ. ಅದನ್ನು ನೋಡದೆ 'ಗೈರಾಗಿದ್ದರು' ಎಂದು ಊರೆಲ್ಲ ಹೇಳಿದರೆ ಅನ್ಯಾಯವಾಗುತ್ತದೆ.

ಈ ಸೇವೆಯ ದೊಡ್ಡ ಕೊರತೆ ಜಾಲತಾಣದ್ದಲ್ಲ, ಸದನದ್ದು. ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲೇ ಅಂಗೀಕಾರವಾಗುತ್ತವೆ. ಯಾರಾದರೂ ಮತವಿಭಜನೆ ಕೇಳಿ ಪಡೆದರೆ ಮಾತ್ರ ಹೆಸರು ದಾಖಲಾಗುತ್ತದೆ. ಸಂವಿಧಾನ ತಿದ್ದುಪಡಿಗೆ ವಿಶೇಷ ಬಹುಮತ ಬೇಕಾದ್ದರಿಂದ ಅಲ್ಲಿ ಪಟ್ಟಿ ಖಚಿತವಾಗಿ ಸಿಗುತ್ತದೆ. 2023ರ ಸೆಪ್ಟೆಂಬರ್ 20ರಂದು ಲೋಕಸಭೆಯಲ್ಲಿ ಮಹಿಳಾ ಮೀಸಲಾತಿಗೆ ಪರವಾಗಿ ಬಿದ್ದ 454, ವಿರೋಧವಾಗಿ ಬಿದ್ದ 2 ಮತಗಳ ಪಟ್ಟಿ, ಹೊಸಬರು ಕೈ ಪಳಗಿಸಿಕೊಳ್ಳಲು ಒಳ್ಳೆಯದು. ಸದಸ್ಯರ ಪುಟದಲ್ಲಿ ಪ್ರಶ್ನೆ, ಚರ್ಚೆ, ಹಾಜರಾತಿ ಎಲ್ಲ ಇದೆ. 'ಹಾಕಿದ ಮತಗಳು' ಎಂಬ ಒಂದು ವಿಭಾಗ ಮಾತ್ರ ಇಲ್ಲ. ಮತದಾರನಿಗೆ ಬೇಕಾದದ್ದು ಅದೇ. ಅದಿಲ್ಲದ್ದಕ್ಕೆ ಈ ಸೇವೆಗೆ ಐದರಲ್ಲಿ ಮೂರು ಅಂಕಕ್ಕಿಂತ ಹೆಚ್ಚು ಕೊಡಲಾಗದು.

ಮತ ಸಿಕ್ಕಿತು ಎಂದುಕೊಳ್ಳಿ, ಅದು ಆತ್ಮಸಾಕ್ಷಿಯದ್ದೋ ಎಂದು ತಿಳಿಯಲು ವಿಪ್ ಇತ್ತೇ ಎಂಬುದು ಗೊತ್ತಾಗಬೇಕು. ವಿಪ್ ಪಕ್ಷದ ಕಾಗದ, ಕಲಾಪದ ದಾಖಲೆಯಲ್ಲಿ ಬರುವುದಿಲ್ಲ. ಆ ವಾರದ ಪತ್ರಿಕೆಗಳಲ್ಲೇ ಹುಡುಕಬೇಕು. ವಿಪ್ ಮೀರಿದವರನ್ನು ಪಕ್ಷ 15 ದಿನದೊಳಗೆ ಮನ್ನಿಸಿದರೆ ಅನರ್ಹತೆ ಇಲ್ಲ, ಆದ್ದರಿಂದ ಆ 15 ದಿನದ ಸುದ್ದಿಯನ್ನೂ ನೋಡಿ. ಅನರ್ಹತೆ ತರುವ ವಿಪ್ ವಿಶ್ವಾಸಮತ ಮತ್ತು ಪ್ರಮುಖ ನೀತಿ ವಿಷಯಗಳಿಗೆ ಸೀಮಿತವಾಗಿರಬೇಕೆಂದು ಸುಪ್ರೀಂ ಕೋರ್ಟ್ 1992ರ ಕಿಹೋಟೊ ಹೊಲ್ಲೋಹಾನ್ ತೀರ್ಪಿನಲ್ಲೇ ಹೇಳಿದೆ. ಪಕ್ಷಗಳು ಸಾಮಾನ್ಯ ಮಸೂದೆಗೂ ವಿಪ್ ಕೊಡುವುದನ್ನು ನಿಲ್ಲಿಸಿಲ್ಲ.

ರಾಷ್ಟ್ರಪತಿ ಚುನಾವಣೆಯ ಮತ ಇಲ್ಲಿ ಸಿಗದು, ಅದು ಗುಪ್ತ ಮತದಾನ. ಶಾಸಕರು ಹಾಕುವ ರಾಜ್ಯಸಭಾ ಚುನಾವಣೆಯ ಮತವೂ ಇಲ್ಲಿಲ್ಲ. ಅದು 2003ರಿಂದ ಮುಕ್ತ ಮತದಾನವಾಗಿದ್ದರೂ ಮತಪತ್ರ ತೋರಿಸುವುದು ಪಕ್ಷದ ಏಜೆಂಟರಿಗಷ್ಟೇ. ಅಲ್ಲಿ ಅಡ್ಡ ಮತ ಹಾಕಿದ ಮಾತ್ರಕ್ಕೆ ಶಾಸಕತ್ವ ಹೋಗುವುದಿಲ್ಲ ಎಂಬುದು ನೆನಪಿರಲಿ.

ಶಾಸಕರ ವಿಷಯಕ್ಕೆ ಬಂದರೆ ಇನ್ನೂ ನಿರಾಸೆ. ಹಾಸನದ ಏಳು, ಚಿಕ್ಕಮಗಳೂರಿನ ಐದು ಕ್ಷೇತ್ರಗಳವರು ವಿಧಾನಸಭೆಯ ನಡವಳಿಗಳನ್ನೇ ಓದಬೇಕು. 2019ರ ಜುಲೈ 23ರಂದು ಎಚ್.ಡಿ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತದಲ್ಲಿ ಸದಸ್ಯರನ್ನು ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. 99 ಪರ, 105 ವಿರೋಧ. 224 ಸ್ಥಾನಗಳ ಸದನದಲ್ಲಿ ಎಣಿಕೆಗೆ ಸಿಕ್ಕಿದ್ದು 204 ಮತ. ಬಾರದೆ ಉಳಿದವರಲ್ಲಿ ಯಾರದು ಅನಾರೋಗ್ಯ, ಯಾರದು ತೀರ್ಮಾನ ಎಂದು ಅಂಕಿಗಳು ಹೇಳುವುದಿಲ್ಲ. ನಡವಳಿಯಲ್ಲಿ ಬೇಕಾದದ್ದು ಸಿಗದಿದ್ದರೆ ವಿಧಾನಸಭೆಯ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಒಂದು ಅರ್ಜಿಗೆ ಒಂದೇ ವಿಷಯ ಇರಲಿ, ಕಲಾಪದ ದಿನಾಂಕ ಮತ್ತು ಮಸೂದೆಯ ಹೆಸರು ಬರೆದು 'ಮತವಿಭಜನೆಯ ಹೆಸರುಪಟ್ಟಿಯ ಪ್ರತಿ' ಎಂದಷ್ಟೇ ಕೇಳಿ. 'ಏಕೆ ಹಾಗೆ ಮತ ಹಾಕಿದರು' ಎಂದು ಕೇಳಿದರೆ ಅದು ದಾಖಲೆಯಲ್ಲ ಎಂಬ ಉತ್ತರ ಬರುತ್ತದೆ. ಉತ್ತರಕ್ಕೆ ಕಾನೂನಿನ ಗಡುವು 30 ದಿನ.