ಲಾಜಿಟೆಕ್ ಜಿ304: ಡಿಪಿಐ ನಂಬರ್ ಪಕ್ಕಕ್ಕಿಡಿ, ಸೆನ್ಸರ್ ಹೇಗಿದೆ ನೋಡಿ

ಗೇಮಿಂಗ್ ಮೌಸ್ ತಗೊಳೋವಾಗ ಎಲ್ರೂ ಮೊದ್ಲು ನೋಡೋದು ಡಿಪಿಐ, ಅಂದ್ರೆ ಮೌಸ್ ಒಂದು ಇಂಚು ಜರುಗಿದ್ರೆ ಎಷ್ಟು ಹೆಜ್ಜೆ ಎಣಿಸತ್ತೆ ಅನ್ನೋ ನಂಬರ್, ಬಾಕ್ಸ್ ಮೇಲೆ ದೊಡ್ಡದಾಗಿ ಪ್ರಿಂಟ್ ಹಾಕೋದೂ ಅದನ್ನೇ. ಆದ್ರೆ ವ್ಯಾಲರಂಟ್, ಕೌಂಟರ್ ಸ್ಟ್ರೈಕ್ ಥರದ ಶೂಟಿಂಗ್ ಗೇಮ್ ಸೀರಿಯಸ್ಸಾಗಿ ಆಡೋರಲ್ಲಿ ಹೆಚ್ಚಿನವ್ರು 400 ಇಲ್ಲಾ 800ರಲ್ಲಿ ಆಡ್ತಾರೆ, 1600 ದಾಟೋರು ಕಮ್ಮಿನೇ. ನಮಗೆ ಬೇಕಾಗಿರೋದು ಒಂದೇ, ಕೈ ಎಷ್ಟು ಹೋಯ್ತೋ ಕ್ರಾಸ್‌ಹೇರ್ (ಗುರಿ ಇಡೋ ಗುರುತು) ಕೂಡ ಅಷ್ಟೇ ಹೋಗ್ಬೇಕು, ಮೆಲ್ಲಗೆ ಎಳೆದ್ರೂ ಸರಿ, ಜೋರಾಗಿ ಬೀಸಿದ್ರೂ ಸರಿ.

ಲಾಜಿಟೆಕ್‌ನ ಈ ವೈರ್‌ಲೆಸ್ ಮೌಸ್ ಜಿ304 ಬಂದಿದ್ದು 2018ರಲ್ಲಿ, ಅಮೆರಿಕ ಯುರೋಪ್ ಕಡೆ ಇದನ್ನೇ ಜಿ305 ಅಂತ ಮಾರ್ತಾರೆ. ಒಳಗಿರೋದು ಹೀರೋ ಸೆನ್ಸರ್, 200ರಿಂದ 12000 ಡಿಪಿಐ, ಸ್ಪೀಡ್ ಲಿಮಿಟ್ 400 ಐಪಿಎಸ್ (ಸೆಕೆಂಡಿಗೆ ಇಷ್ಟು ಇಂಚು), ಅಂದ್ರೆ ಸೆಕೆಂಡಿಗೆ ಹತ್ತು ಮೀಟರ್ ವೇಗದಲ್ಲಿ ಕೈ ಬೀಸಿದ್ರೂ ಟ್ರ್ಯಾಕ್ ಮಾಡತ್ತೆ ಅಂತ ಲೆಕ್ಕ, ಮೌಸ್‌ಪ್ಯಾಡ್ ಮೇಲೆ ಅಷ್ಟು ಸ್ಪೀಡಲ್ಲಿ ಯಾರೂ ಆಡಲ್ಲ ಬಿಡಿ.

ಸೆನ್ಸರ್ ಅಂದ್ರೆ ಮೌಸ್ ಕೆಳಗಿರೋ ಒಂದು ಪುಟಾಣಿ ಕ್ಯಾಮೆರಾ. ಸೆಕೆಂಡಿಗೆ ಸಾವಿರಾರು ಫೋಟೋ ತೆಗೆದು ಒಂದಕ್ಕೊಂದು ಹೋಲಿಸಿ ಎಷ್ಟು ಜರುಗಿದೆ ಅಂತ ಲೆಕ್ಕ ಹಾಕತ್ತೆ. ನೀವು ಜೋರಾಗಿ ಎಳೆದಾಗ ಎರಡು ಫೋಟೋ ಮಧ್ಯೆ ಹೊಂದಿಕೆನೇ ಸಿಗದಿದ್ರೆ ಅಲ್ಲೇ ಲೆಕ್ಕ ತಪ್ಪತ್ತೆ, ಎದುರಾಳಿ ಕಡೆ ತಿರುಗಿದ್ರೆ ಕ್ರಾಸ್‌ಹೇರ್ ಆಕಾಶಾನೋ ನೆಲಾನೋ ನೋಡ್ತಾ ಇರತ್ತೆ. ಇದನ್ನೇ ಸ್ಪಿನ್ ಔಟ್ ಅನ್ನೋದು. ನನ್ನ ಹಳೇ ಮೌಸ್, ಹೆಸರಿಲ್ಲದ ಆನ್‌ಲೈನ್ ಮಾಲು, ಇದೇ ಕಾಟ ಕೊಡ್ತಿತ್ತು.

ಮನೇಲೇ ಚೆಕ್ ಮಾಡ್ಬೋದು, ದೊಡ್ಡ ಮಷೀನೇನೂ ಬೇಡ. ಮೊದ್ಲು ವಿಂಡೋಸಲ್ಲಿ ಮೌಸ್ ಆಕ್ಸಿಲರೇಷನ್ (ಕೈ ಜೋರಾದಷ್ಟೂ ಕರ್ಸರ್ ಇನ್ನೂ ದೂರ ಓಡೋ ಸೆಟ್ಟಿಂಗ್) ಆಫ್ ಮಾಡಿ, ಸ್ಪೀಡ್ ಸ್ಲೈಡರ್ ನಡೂಮಧ್ಯ ಇಡಿ, ಇದು ಮಾಡದೆ ಟೆಸ್ಟ್ ಮಾಡೋದೇ ವೇಸ್ಟ್. ಆಮೇಲೆ ಪಕ್ಕದಲ್ಲಿ ಸ್ಕೇಲ್ ಇಟ್ಕೊಂಡು 10 ಸೆಂಟಿಮೀಟರ್ ನೇರಕ್ಕೆ ಎಳೀರಿ, 800 ಡಿಪಿಐಲಿ ಸುಮಾರು 3150 ಕೌಂಟ್, ಅಂದ್ರೆ ಮೌಸ್ ಎಣಿಸೋ ಹೆಜ್ಜೆ, ಬರ್ಬೇಕು, ಮೌಸ್‌ಟೆಸ್ಟರ್ ಅಂತ ಫ್ರೀ ಪ್ರೋಗ್ರಾಂ ಇದೆ ಅದ್ರಲ್ಲಿ ಕೌಂಟ್ ಕಾಣತ್ತೆ. ನಂದು ಇದಕ್ಕೆ ತುಂಬಾ ಹತ್ರ ಬಂತು. ಅದೇ ಪ್ರೋಗ್ರಾಮಲ್ಲಿ ಮೌಸ್ ಎಡಕ್ಕೆ ಬಲಕ್ಕೆ ಆಡಿಸಿ ಗ್ರಾಫ್ ತೆಗೆದು ನೋಡಿದ್ರೆ ಚುಕ್ಕೆಗಳೆಲ್ಲ ಒಂದೇ ಅಲೆ ಮೇಲೆ ಸಾಲಾಗಿ ಕೂತಿರ್ಬೇಕು, ಅಲ್ಲಲ್ಲಿ ಚೆಲ್ಲಾಡಿದ್ರೆ ಸೆನ್ಸರಲ್ಲೋ ವೈರ್‌ಲೆಸ್ಸಲ್ಲೋ ಏನೋ ಎಡವಟ್ಟಿದೆ ಅಂತ. ಇನ್ನೊಂದು ನಂಗೆ ತುಂಬಾ ಇಷ್ಟದ ಟೆಸ್ಟು: ಮೌಸ್‌ಪ್ಯಾಡ್ ಎಡ ಅಂಚಲ್ಲಿ ಏನಾದ್ರೂ ಗಟ್ಟಿ ವಸ್ತು ತಡೆ ಇಟ್ಟು, ಗೇಮ್ ಒಳಗೆ ಒಂದು ಗುರುತಿನ ಮೇಲೆ ಏಮ್ ಮಾಡಿ, ಬಲಕ್ಕೆ ಜೋರಾಗಿ ಎಳೆದು ವಾಪಸ್ ನಿಧಾನಕ್ಕೆ ತಡೆವರೆಗೂ ತನ್ನಿ. ಕ್ರಾಸ್‌ಹೇರ್ ಅದೇ ಗುರುತಿಗೆ ಬಂದ್ರೆ ಸೆನ್ಸರ್ ಆಕ್ಸಿಲರೇಷನ್ ಸೇರಿಸ್ತಾ ಇಲ್ಲ. ಜಿ304 ಇದ್ರಲ್ಲಿ ಕ್ಲೀನಾಗಿ ಪಾಸು, ಇದೊಂದಕ್ಕೇ ದುಡ್ಡು ವಸೂಲು ಅನ್ನಿಸ್ತು ನಂಗೆ. ಪೇಂಟಲ್ಲಿ ಓರೆ ಗೆರೆ ಎಳೆದಾಗ್ಲೂ ಕೈ ನಡುಕ ನಡುಕದ ಥರಾನೇ ಬಂತು, ತಾನಾಗೇ ನೇರ ಮಾಡ್ಲಿಲ್ಲ, ಅದೇ ಬೇಕಾಗಿದ್ದು.

ಲಿಫ್ಟ್ ಆಫ್, ಅಂದ್ರೆ ಮೌಸ್ ಎಷ್ಟು ಎತ್ತಿದ್ರೆ ಸೆನ್ಸರ್ ಟ್ರ್ಯಾಕ್ ಮಾಡೋದು ನಿಲ್ಸತ್ತೆ ಅಂತ, ನೋಡೋಕೆ ಹಳೇ ಸಿಡಿ ಸಾಕು, ಒಂದು ಸಿಡಿ 1.2 ಮಿಲಿಮೀಟರ್ ದಪ್ಪ. ಸೆನ್ಸರ್ ಸಿಡಿಯ ತೂತಿನ ಮೇಲೆ ಬರೋ ಹಾಗಿಟ್ಟು ಅಲ್ಲಾಡ್ಸಿದ್ರೆ ಕರ್ಸರ್ ನಿಂತಲ್ಲೇ ನಿಂತಿರತ್ತೆ. ಲೋ ಸೆನ್ಸಿಟಿವಿಟಿಲಿ ಆಡೋರು ಮೌಸ್ ಎತ್ತಿ ಎತ್ತಿ ಇಡ್ತಾ ಇರ್ತಾರಲ್ಲ, ಅವ್ರಿಗೆ ಇದು ತುಂಬಾ ಮುಖ್ಯ.

ವೈರ್‌ಲೆಸ್ ಅಂತ ಹೆದರ್ಬೇಡಿ, 1000 ಹರ್ಟ್ಜ್ ಅಂದ್ರೆ ಒಂದು ಮಿಲಿಸೆಕೆಂಡಿಗೊಂದ್ಸಲ ರಿಪೋರ್ಟ್ ಕಳ್ಸತ್ತೆ. ಆದ್ರೆ ರಿಸೀವರನ್ನ ಸಿಪಿಯು ಹಿಂದೆ ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿ ಅಲ್ಲೇ ಬಿಡ್ಬೇಡಿ, ಆ ಪೋರ್ಟುಗಳಿಂದ 2.4 ಗಿಗಾಹರ್ಟ್ಜ್ ಸಿಗ್ನಲ್ಲಿಗೆ ತೊಂದ್ರೆ ಆಗತ್ತೆ, ಬಾಕ್ಸಲ್ಲಿ ಎಕ್ಸ್‌ಟೆನ್ಷನ್ ಕೇಬಲ್ ಬರೋದೇ ರಿಸೀವರನ್ನ ಮೌಸ್ ಹತ್ರ ಇಟ್ಕೊಳ್ಳಿ ಅಂತ. ಬ್ಯಾಟರಿ ಉಳ್ಸೋಕೆ ಅಂತ ಲೋ ಪವರ್ ಮೋಡ್ ಹಾಕಿದ್ರೆ ರಿಪೋರ್ಟ್ ರೇಟ್ 125ಕ್ಕೆ ಇಳಿಯತ್ತೆ, ಆಡೋವಾಗ ಆ ಮೋಡ್ ಬೇಡವೇ ಬೇಡ. ಪೂರ್ತಿ ಸ್ಪೀಡಲ್ಲೇ ಒಂದು ಎಎ ಸೆಲ್ಲಲ್ಲಿ 250 ಗಂಟೆ ಅಂತ ಕಂಪನಿ ಹೇಳತ್ತೆ, ಸಾಕಲ್ವಾ.

ನಂಗೆ ಹಿಡಿಸದೇ ಇದ್ದಿದ್ದು ತೂಕದ ವಿಷ್ಯ. ಸೆಲ್ ಸೇರಿ 99 ಗ್ರಾಂ, ಅದೂ ಹಿಂಭಾಗ ಭಾರ, ಈಗ 60 ಗ್ರಾಮಿನ ಮೌಸ್‌ಗಳೇ ಬಂದಿವೆ. ಲಿಥಿಯಂ ಎಎ ಸೆಲ್ ಹಾಕಿದ್ರೆ ಏಳೆಂಟು ಗ್ರಾಂ ಇಳಿಯತ್ತೆ, ನಾನು ಈಗ ಹಾಗೇ ಬಳಸ್ತಿರೋದು. ದೊಡ್ಡ ಕೈಯವ್ರು ಮಾತ್ರ ಬೆಂಗಳೂರಿನ ಎಸ್‌ಪಿ ರೋಡಲ್ಲೋ ಹತ್ತಿರದ ಅಂಗಡೀಲೋ ಹಿಡಿದು ನೋಡಿಯೇ ತಗೊಳ್ಳಿ, ಮೌಸ್ ಚಿಕ್ಕದು. ಅಂಗಡಿಯವ್ರು ಬೇರೆ ಮೌಸ್ ತೋರ್ಸಿದ್ರೆ ಡಿಪಿಐ ಕೇಳ್ಬೇಡಿ, ಸೆನ್ಸರ್ ಹೆಸ್ರು ಕೇಳಿ, ಹೆಸ್ರು ಬಾಕ್ಸಲ್ಲೂ ಇಲ್ಲ ಅವ್ರಿಗೂ ಗೊತ್ತಿಲ್ಲ ಅಂದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ.