ಸೊಂಟ ನೋವಿಗೆ ಹಾಸಿಗೆ, ಬೆಲ್ಟು, ಅರಿಶಿನದ ಕ್ಯಾಪ್ಸೂಲು, ನಡಿಗೆ: ನಾಲ್ಕೂ ಮಾಡಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಡಿಗೆಗೆ. ಹಾಸಿಗೆಗೆ 19,000 ರೂಪಾಯಿ ಕೊಟ್ಟು, ಅದರ ಮೇಲೆ ಎರಡು ತಿಂಗಳು ಸರಿಯಾಗಿ ನಿದ್ದೆಯಿಲ್ಲದೆ ಕಳೆದ ಮೇಲೆ ಹೇಳುತ್ತಿರುವ ಮಾತಿದು. ಈಗ ಯಾರಾದರೂ ಸೊಂಟ ಹಿಡಿದುಕೊಂಡು ಹಾಸಿಗೆ ಅಂಗಡಿಗೆ ಹೊರಟಿದ್ದರೆ, ಒಂದು ದಿನ ತಡೆದು ಇದನ್ನು ಓದಿ.

ನನ್ನದು ಮೈಸೂರಿನ ಸರಸ್ವತಿಪುರಂನಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ. ಬ್ಲೌಸು, ಚೂಡಿದಾರ್, ಸೀರೆಗೆ ಫಾಲು. ದಿನಕ್ಕೆ ಏಳೆಂಟು ಗಂಟೆ ಮೆಷಿನ್ ಮುಂದೆ ಬಗ್ಗಿ ಕೂರುತ್ತೇನೆ. ವಯಸ್ಸು 46. ಹೋದ ವರ್ಷ ಯುಗಾದಿಗೆ ಮುಂಚೆ ಒಂದು ಬೆಳಗ್ಗೆ, ಕೆಳಗೆ ಬಿದ್ದ ಕತ್ತರಿ ಎತ್ತೋಣ ಅಂತ ಬಗ್ಗಿದೆ. ಸೊಂಟ ಹಿಡಿದುಕೊಂಡಿತು. ಏಳೋಕೇ ಆಗಲಿಲ್ಲ. ಕಟಿಂಗ್ ಟೇಬಲ್ಲಿನ ಕಾಲು ಹಿಡಿದು ಅಲ್ಲೇ ಕೂತುಬಿಟ್ಟೆ, ಅತ್ತೆ ಬಂದು ಎಬ್ಬಿಸಿದರು.

ಡಾಕ್ಟರ್ ಕಾಲು ಎತ್ತಿಸಿ ನೋಡಿದರು, ಮಂಡಿಗೆ ಸುತ್ತಿಗೆಯಲ್ಲಿ ತಟ್ಟಿದರು. ಕಾಲಿನಲ್ಲಿ ಬಲ ಕಡಿಮೆಯಾಗಿದೆಯಾ, ತೊಡೆಯ ಸಂದು ಮರಗಟ್ಟಿದೆಯಾ, ಮೂತ್ರ ಹಿಡಿತ ತಪ್ಪುತ್ತಿದೆಯಾ, ಜ್ವರ ಬಂದಿತ್ತಾ, ಬಿದ್ದು ಏಟಾಗಿತ್ತಾ ಅಂತ ಒಂದೊಂದಾಗಿ ಕೇಳಿದರು. ಯಾವುದೂ ಇರಲಿಲ್ಲ. "ಎಕ್ಸ್‌ರೇ ಬೇಡಮ್ಮ, ಹಾಸಿಗೆ ಹಿಡಿದು ಮಲಗಬೇಡಿ, ಆದಷ್ಟು ಓಡಾಡಿ" ಅಂದರು. ಡಾಕ್ಟರ್ ಕೇಳಿದ ಆ ಲಕ್ಷಣಗಳಲ್ಲಿ ಒಂದು ನಿಮಗಿದ್ದರೂ ನಾನು ಬರೆದಿರುವುದನ್ನೆಲ್ಲ ಪಕ್ಕಕ್ಕಿಟ್ಟು ಆಸ್ಪತ್ರೆಗೆ ಹೋಗಿ.

ಮೂರು ವಾರದಲ್ಲಿ ನೋವು ಹೋಯಿತು. ಎರಡು ತಿಂಗಳಿಗೆ ಮತ್ತೆ ಬಂತು. ಸೊಂಟ ನೋವಿನ ನಿಜವಾದ ಕಾಟ ಇದೇ ಅಲ್ವಾ? ಹೋಗುತ್ತೆ, ಮತ್ತೆ ಬರುತ್ತೆ. ವಾಸಿಯಾದ ಹತ್ತು ಜನರಲ್ಲಿ ಸುಮಾರು ಏಳು ಮಂದಿಗೆ ಒಂದು ವರ್ಷದೊಳಗೆ ಮರುಕಳಿಸುತ್ತದೆ ಅಂತ ಆಸ್ಟ್ರೇಲಿಯಾದವರು ಲೆಕ್ಕ ಹಾಕಿದ್ದಾರೆ. ಹಾಗಾಗಿ ಈ ನಾಲ್ಕನ್ನೂ ನಾನು ಅಳೆದದ್ದು ಒಂದೇ ಪ್ರಶ್ನೆಯಿಂದ: ಇದು ನೋವು ಮತ್ತೆ ಬಾರದ ಹಾಗೆ ನೋಡಿಕೊಳ್ಳುತ್ತಾ?

ಹಾಸಿಗೆಯ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು. ಜಾಸ್ತಿ ದುಡ್ಡು ಹೋದದ್ದು ಅಲ್ಲೇ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಸೊಂಟ ನೋವಾ, ಗಟ್ಟಿ ಮೇಲೆ ಮಲಗು. ನಾನೂ ಅದನ್ನೇ ನಂಬಿದ್ದೆ. ಹಾಸಿಗೆಯ ಮೇಲೆ 'ಆರ್ಥೋ' ಅಂತ ಬರೆದಿದ್ದರೆ ಡಾಕ್ಟರುಗಳು ಪರೀಕ್ಷೆ ಮಾಡಿ ಒಪ್ಪಿದ್ದು ಅಂದುಕೊಂಡಿದ್ದೆ. ಅದು ಮಾರುವವರು ಇಟ್ಟ ಹೆಸರು, ಅಷ್ಟೆ. ನಾನು ತಂದದ್ದು ತೆಂಗಿನ ನಾರು ಮತ್ತು ಒತ್ತಿದ ಫೋಮಿನದು. ಅಂಗಡಿಯಲ್ಲಿ ಎರಡು ನಿಮಿಷ ಅಂಗಾತ ಮಲಗಿ ನೋಡಿದೆ, ಹಾಯೆನಿಸಿತು. ಮನೆಯಲ್ಲಿ ನಾನು ಮಲಗುವುದು ಮಗ್ಗುಲಾಗಿ. ಅಲ್ಲಿ ಮಗ್ಗುಲಾಗಿ ಮಲಗಿ ನೋಡುವ ಯೋಚನೆಯೇ ಬರಲಿಲ್ಲ.

ಮೊದಲನೇ ರಾತ್ರಿಯೇ ಭುಜ ಜೋಮು ಹಿಡಿಯಿತು. ಅಭ್ಯಾಸವಾಗುತ್ತೆ ಅಂತ ಸುಮ್ಮನಿದ್ದೆ. ಎರಡನೇ ವಾರ ಬೆಳಗ್ಗೆ ಎದ್ದರೆ ಸೊಂಟ ಮರದ ಹಲಗೆಯಂತೆ. ಸ್ಟವ್ ಹತ್ತಿಸೋಕೆ ಮುಂಚೆ ಅಡುಗೆಮನೆ ಕಟ್ಟೆ ಹಿಡಿದು ಐದು ನಿಮಿಷ ನಿಲ್ಲಬೇಕಾಗುತ್ತಿತ್ತು. ಒಂದು ರಾತ್ರಿ ನಮ್ಮನೆಯವರು, "ಹಾಗೇ ಮಗ್ಗುಲಾಗಿ ಮಲಗಿರು, ನೋಡ್ತೀನಿ" ಅಂತ ನನ್ನ ಸೊಂಟಕ್ಕೂ ಹಾಸಿಗೆಗೂ ನಡುವೆ ಕೈ ತೂರಿಸಿದರು. ಅಂಗೈ ಸಲೀಸಾಗಿ ಆಚೆ ಹೋಯಿತು. ಭುಜ ಮತ್ತು ಪೃಷ್ಠದ ಮೂಳೆ ಮಾತ್ರ ಹಾಸಿಗೆಗೆ ಊರಿತ್ತು, ನಡುವಿನ ಸೊಂಟ ಇಡೀ ರಾತ್ರಿ ಆಸರೆಯಿಲ್ಲದೆ ಜೋತುಬೀಳುತ್ತಿತ್ತು.

ವಾಪಸ್ ಕೊಡೋಣ ಅಂತ ಫೋನ್ ಮಾಡಿದೆ. ಬಿಲ್ಲಿನ ಮೇಲೆ '30 ರಾತ್ರಿ ಟ್ರಯಲ್' ಅಂತ ದಪ್ಪ ಅಕ್ಷರದಲ್ಲಿತ್ತು. ಅದು ಫೋಮ್ ಹಾಸಿಗೆಗಳಿಗೆ ಮಾತ್ರ, ನಾರಿನದಕ್ಕಲ್ಲ ಅಂದರು. ಇನ್ನೊಮ್ಮೆ ಮಾಡಿದರೆ ಪ್ಲಾಸ್ಟಿಕ್ ಕವರ್ ಬಿಚ್ಚಿದ್ದೀರಿ ಅಂದರು. ಕವರ್ ಬಿಚ್ಚದೆ ಮೂವತ್ತು ರಾತ್ರಿ ಮಲಗುವುದು ಹೇಗೆ? ಮೂರನೇ ಸಲ, ಅರ್ಧ ಬೆಲೆಗೆ ಹಿಂದಕ್ಕೆ ತಗೊಂಡು ಬೇರೆ ಕೊಡುತ್ತೇವೆ, ಉಳಿದ ದುಡ್ಡು ಕಟ್ಟಿ ಅಂದರು. ಅಲ್ಲಿಗೆ ಬಿಟ್ಟೆ. ಅಂಗಡಿಗೆ ಹೋದರೆ ಟ್ರಯಲ್ ಯಾವ ಹಾಸಿಗೆಗೆ, ಕವರ್ ಬಿಚ್ಚಬಹುದಾ, ಸಾಗಾಣಿಕೆ ಯಾರದು ಅನ್ನುವ ಮೂರನ್ನೂ ಬಿಲ್ಲಿನ ಮೇಲೆ ಕೈಬರಹದಲ್ಲಿ ಬರೆಸಿಕೊಳ್ಳಿ.

ಆಮೇಲೆ ಓದಿದೆ. 2003ರಲ್ಲೇ ಸ್ಪೇನ್ ದೇಶದಲ್ಲಿ ಹಳೇ ಸೊಂಟ ನೋವಿರುವ 313 ಜನರನ್ನು 90 ದಿನ ಮಲಗಿಸಿ ನೋಡಿದ್ದಾರೆ. ಅರ್ಧ ಜನಕ್ಕೆ ಗಟ್ಟಿ ಹಾಸಿಗೆ, ಇನ್ನರ್ಧ ಜನಕ್ಕೆ ಮಧ್ಯಮ ಗಟ್ಟಿಯದು. ಚೆನ್ನಾಗಿ ಸುಧಾರಿಸಿದವರು ಮಧ್ಯಮದವರು. ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದು ಇಪ್ಪತ್ತು ವರ್ಷ ದಾಟಿದೆ. ನಮ್ಮ ಅಂಗಡಿಗಳಲ್ಲಿ ಇನ್ನೂ 'ಗಟ್ಟಿ ಇದ್ದಷ್ಟೂ ಒಳ್ಳೇದು' ನಡೆಯುತ್ತಿದೆ, ಅದಕ್ಕೇ ನನಗೆ ಬೇಜಾರು. ಕೊನೆಗೆ ತವರಿನಿಂದ ತಂದಿದ್ದ ಹಳೇ ಹತ್ತಿ ಹಾಸಿಗೆಯನ್ನು ಹಿಂಜಿಸಿ, ಹೊಸ ಬಟ್ಟೆ ಹೊಲಿದು ಆ ಗಟ್ಟಿ ಹಾಸಿಗೆಯ ಮೇಲೆ ಹಾಸಿದೆ. ಬೆಳಗಿನ ಬಿಗಿತ ವಾರದಲ್ಲಿ ಇಳಿಯಿತು. ಆದರೆ ಇಳಿದದ್ದು ಹಾಸಿಗೆಯಿಂದ ಬಂದ ಬಿಗಿತ. ಹಳೇ ನೋವು ತನ್ನ ಪಾಡಿಗೆ ಬಂದು ಹೋಗುತ್ತಲೇ ಇತ್ತು.

ಬೆಲ್ಟು 650 ರೂಪಾಯಿ. ತುಂಬ ನೋವಿದ್ದ ಮೊದಲ ಎರಡು ದಿನ ಕಟ್ಟಿಕೊಂಡು ಬಚ್ಚಲಿಗೆ ಹೋಗಿ ಬರೋಕೆ ಧೈರ್ಯ ಕೊಟ್ಟಿತು, ಅದನ್ನು ಒಪ್ಪುತ್ತೇನೆ. ಮೆಷಿನ್ ಮುಂದೆ ಕೂತರೆ ಮಾತ್ರ ಅದರೊಳಗಿನ ಪಟ್ಟಿಗಳು ಮೇಲಕ್ಕೆ ಸರಿದು ಪಕ್ಕೆಲುಬಿಗೆ ಚುಚ್ಚುತ್ತವೆ. ವೆಲ್ಕ್ರೋ ಸೀರೆಯ ನೆರಿಗೆಗೆ ಅಂಟಿ ದಾರ ಎಳೆಯುತ್ತದೆ, ಗಿರಾಕಿಯ ರೇಷ್ಮೆ ಬಟ್ಟೆಗೂ ಒಮ್ಮೆ ತಾಗಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿನ ಬಗ್ಗೆ ಸಲಹೆ ಹೊರಡಿಸಿದೆ. ಅದರಲ್ಲಿ ಬೆಲ್ಟನ್ನು ಮಾಮೂಲಾಗಿ ಕೊಡಬೇಡಿ ಅಂದಿದೆ, ವ್ಯಾಯಾಮ ಮಾಡಿಸಿ ಅಂದಿದೆ. ನನ್ನ ಬೆಲ್ಟು ಈಗ ಬೀರುವಿನಲ್ಲಿದೆ.

ಅರಿಶಿನದ ಕ್ಯಾಪ್ಸೂಲು ನೆಂಟರೊಬ್ಬರ ಮಾತು ಕೇಳಿ ತಂದದ್ದು. ತಿಂಗಳಿಗೆ 850 ರೂಪಾಯಿಯಂತೆ ಮೂರು ತಿಂಗಳು ನುಂಗಿದೆ. ನನ್ನ ಸೊಂಟಕ್ಕೆ ವ್ಯತ್ಯಾಸವೇನೂ ಕಾಣಲಿಲ್ಲ. ಹಾಗಂತ ಅರಿಶಿನದಲ್ಲಿ ಏನೂ ಇಲ್ಲ ಅಂತ ಹೇಳಲಾರೆ. 2014ರಲ್ಲಿ ಥಾಯ್ಲೆಂಡಿನಲ್ಲಿ ಮಂಡಿ ಸವೆದ 367 ಜನಕ್ಕೆ ನಾಲ್ಕು ವಾರ ಅರಿಶಿನದ ಸಾರವನ್ನೋ ಐಬುಪ್ರೊಫೆನ್ ಮಾತ್ರೆಯನ್ನೋ ಕೊಟ್ಟು ನೋಡಿದರು. ನೋವು ಇಳಿದದ್ದು ಎರಡರಲ್ಲೂ ಹೆಚ್ಚುಕಮ್ಮಿ ಒಂದೇ, ಹೊಟ್ಟೆ ತೊಂದರೆ ಅರಿಶಿನದವರಿಗೆ ಕಡಿಮೆ. ಆದರೆ ಗಮನಿಸಿ, ಅದು ಮಂಡಿ. ನನ್ನದು ಸೊಂಟ. ಡಬ್ಬಿಯ ಮೇಲೆ ಮಂಡಿ, ಸೊಂಟ, ಕತ್ತು ಎಲ್ಲದರ ಚಿತ್ರವೂ ಇತ್ತು.

ಡಬ್ಬಿಯ ಮೇಲಿದ್ದ 'ಮೆಣಸಿನ ಸಾರ ಸೇರಿದೆ, 20 ಪಟ್ಟು ಶಕ್ತಿ' ಅನ್ನುವ ಮಾತು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ (ಅರಿಶಿನದ ಮುಖ್ಯ ಅಂಶ) ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಕರಿಮೆಣಸಿನ ಖಾರದ ಅಂಶ, ಕೊಟ್ಟು ನೋಡಿದರು. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ದಷ್ಟು ಹೆಚ್ಚಿತು. ಒಳ್ಳೆಯ ಕೆಲಸ, ಹೆಮ್ಮೆಯ ಕೆಲಸ. ಆದರೆ ಅಲ್ಲಿ ಅಳೆದದ್ದು ರಕ್ತದಲ್ಲಿನ ಪ್ರಮಾಣ, ನೋವನ್ನಲ್ಲ. ಇನ್ನೊಂದು ಮಾತು: ಅಡುಗೆಯ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಸುಮಾರು ಮೂರು ಭಾಗ, ಕ್ಯಾಪ್ಸೂಲಿನಲ್ಲಿ ತುಂಬ ಜಾಸ್ತಿ. ಇಂಥ ಗಾಢ ಸಾರ ತಗೊಂಡ ಕೆಲವರಿಗೆ ಲಿವರ್ ಊದಿದ ವರದಿಗಳು ಇಟಲಿ, ಅಮೆರಿಕಗಳಿಂದ ಬಂದಿವೆ. ಲಿವರ್ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಅತ್ತೆ ಮಾಡುವ ಮೆಣಸಿನ ಸಾರಿನಲ್ಲಿ ಅರಿಶಿನ, ಮೆಣಸು ಎರಡೂ ಇರುತ್ತವೆ. ಅದನ್ನು ಔಷಧಿ ಅಂತಲ್ಲ, ರುಚಿಗೆ ಕುಡಿಯುತ್ತೇನೆ.

ನೋವಿನ ಎಣ್ಣೆ: ತಿಕ್ಕಿ ಬಿಸಿನೀರು ಹಾಕಿಕೊಂಡರೆ ಆ ರಾತ್ರಿಗೆ ಹಿತ, ಮರುದಿನಕ್ಕೆ ಇಲ್ಲ.

ಪ್ಯಾರಾಸಿಟಮಾಲ್: 2014ರಲ್ಲಿ ಆಸ್ಟ್ರೇಲಿಯಾದ 1,600ಕ್ಕೂ ಹೆಚ್ಚು ಜನರಲ್ಲಿ ನೋಡಿದಾಗ, ನಿಜವಾದ ಮಾತ್ರೆಯವರೂ ಬರೀ ಹಿಟ್ಟಿನ ಮಾತ್ರೆಯವರೂ 16-17 ದಿನಕ್ಕೇ ವಾಸಿಯಾದರು.

ಯೋಗವನ್ನು ನಾನು ಸೋಲಿಸುತ್ತಿಲ್ಲ. ಜಿಗಣಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದಲ್ಲಿ ಹಳೇ ಸೊಂಟ ನೋವಿನ 80 ಜನರನ್ನು ಏಳು ದಿನ ಅಲ್ಲೇ ಇರಿಸಿಕೊಂಡು ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಗಿದೆ. ಬರೀ ವ್ಯಾಯಾಮ ಮಾಡಿದವರಿಗಿಂತ ಯೋಗ ಮಾಡಿದವರು ಜಾಸ್ತಿ ಸುಧಾರಿಸಿದರು. ನನಗೆ ಏಳು ದಿನ ಮೆಷಿನ್ ನಿಲ್ಲಿಸಿ ಹೋಗೋಕಾಗಲ್ಲ. ನಮ್ಮ ಬೀದಿಯ ತರಗತಿ ಬೆಳಗ್ಗೆ ಏಳೂವರೆಗೆ, ಆಗ ಮಗಳ ಡಬ್ಬಿ ಕಟ್ಟಬೇಕು.

ಇನ್ನು ನಡಿಗೆ. ಮೂರನೇ ಸಲ ನೋವು ಬಂದು ಹೋದ ಮೇಲೆ ಫಿಸಿಯೋಥೆರಪಿ ಮೇಡಂ ಒಬ್ಬರ ಹತ್ತಿರ ಹೋದೆ. ಮೂರು ಸಲಕ್ಕೆ 1,200 ರೂಪಾಯಿ. ಅವರೇ 2024ರ ಆಸ್ಟ್ರೇಲಿಯಾದ ಅಧ್ಯಯನದ ಬಗ್ಗೆ ಹೇಳಿದ್ದು. ಸಿಡ್ನಿಯ ಮೆಕ್ವಾರಿ ವಿಶ್ವವಿದ್ಯಾಲಯದವರು, ಆಗಷ್ಟೇ ಸೊಂಟ ನೋವಿನಿಂದ ಚೇತರಿಸಿಕೊಂಡ 701 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಫಿಸಿಯೋಥೆರಪಿಸ್ಟ್ ಜೊತೆ ಕೂತು ನಡಿಗೆಯ ಯೋಜನೆ, ಇನ್ನೊಂದಕ್ಕೆ ಏನೂ ಇಲ್ಲ. ದಿನದ ಕೆಲಸಕ್ಕೆ ಅಡ್ಡಿಯಾಗುವಂಥ ನೋವು ಮತ್ತೆ ಬರುವುದಕ್ಕೆ ಸುಮ್ಮನಿದ್ದವರಿಗೆ ಹಿಡಿದದ್ದು 112 ದಿನ, ನಡೆದವರಿಗೆ 208 ದಿನ. ನಾನು ಕೇಳುತ್ತಿದ್ದ ಪ್ರಶ್ನೆಗೇ ನೇರ ಉತ್ತರ ಇದು. ನೋವು ಬಾರದೇ ಇರುತ್ತೆ ಅಂತ ಅವರು ಹೇಳಿಲ್ಲ, ತಡವಾಗಿ ಬರುತ್ತೆ ಅಂದಿದ್ದಾರೆ. ನಾನು ಅಷ್ಟಕ್ಕೇ ತೃಪ್ತಿ.

ಮೇಡಂ ಹೇಳಿದ್ದು ಹೀಗೆ: ಮೊದಲ ವಾರ ಹತ್ತೇ ನಿಮಿಷ, ವಾರಕ್ಕೆ ಮೂರು ದಿನ. ನೋವಾಗದಿದ್ದರೆ ಪ್ರತಿ ವಾರ ಎರಡೆರಡು ನಿಮಿಷ ಕೂಡಿಸಿ. ಆರು ತಿಂಗಳೊಳಗೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ನಾನು ಕುಕ್ಕರಹಳ್ಳಿ ಕೆರೆ ಏರಿಗೆ ಹೋಗುತ್ತೇನೆ. ಮೊದಲ ವಾರ ಎರಡನೇ ಕಲ್ಲುಬೆಂಚಿನ ತನಕ ಹೋಗಿ ತಿರುಗುತ್ತಿದ್ದೆ. ಆಗೆಲ್ಲ ನೆಲ ನೋಡಿಕೊಂಡೇ ನಡಿಗೆ, ಎಲ್ಲಿ ಎಡವಿದರೆ ಸೊಂಟ ಹಿಡಿಯುತ್ತೋ ಅಂತ ಭಯ. ಐದನೇ ವಾರದಲ್ಲಿ ಒಂದು ದಿನ ಹೆಜ್ಜಾರ್ಲೆಗಳು ನೀರಿಗೆ ಇಳಿಯುವುದನ್ನು ನೋಡುತ್ತಾ ನಡೆದೆ. ಮನೆಗೆ ಬಂದು ಸ್ಟವ್ ಹಚ್ಚುವಾಗ ಗೊತ್ತಾಯಿತು, ಇವತ್ತು ಸೊಂಟದ ನೆನಪೇ ಬಂದಿಲ್ಲ ಅಂತ.

ತೊಂದರೆ ಇಲ್ಲವೆಂದಲ್ಲ. ದಸರಾ ಹೊತ್ತಿಗೆ ಆರ್ಡರ್ ಜಾಸ್ತಿ. ಮೂರು ವಾರ ನಡಿಗೆ ಬಿಟ್ಟೆ, ವಿಜಯದಶಮಿ ಕಳೆದ ನಾಲ್ಕನೇ ದಿನಕ್ಕೆ ಸೊಂಟದಲ್ಲಿ ಅದೇ ಹಳೇ ಬಿಗಿತ. ಮತ್ತೆ ಶುರು ಮಾಡಿದ ಮೇಲೆ ಇಳಿಯಿತು. ಈಗ ಬಿಡುವಿಲ್ಲದ ದಿನ ತುಂಡು ಮಾಡಿಕೊಳ್ಳುತ್ತೇನೆ: ಬೆಳಗ್ಗೆ ಹದಿನೈದು ನಿಮಿಷ, ಸಂಜೆ ತರಕಾರಿಗೆ ನಡೆದೇ ಹೋಗುವುದು, ಎರಡು ಬ್ಲೌಸು ಮುಗಿದರೆ ಎದ್ದು ತಾರಸಿಗೆ ಹೋಗಿ ನಾಲ್ಕು ಸುತ್ತು. ನಾರ್ವೆಯಲ್ಲಿ 11,194 ಜನರ ನಡಿಗೆಯನ್ನು ಯಂತ್ರ ಕಟ್ಟಿ ಅಳೆದ ಅಧ್ಯಯನ 2025ರಲ್ಲಿ ಬಂದಿದೆ. ದಿನಕ್ಕೆ ಒಟ್ಟು 100 ನಿಮಿಷಕ್ಕಿಂತ ಜಾಸ್ತಿ ನಡೆದವರಲ್ಲಿ, 78 ನಿಮಿಷಕ್ಕಿಂತ ಕಡಿಮೆ ನಡೆದವರಿಗಿಂತ ದೀರ್ಘಕಾಲದ ಸೊಂಟ ನೋವು ಶೇ. 23ರಷ್ಟು ಕಡಿಮೆ. ವೇಗಕ್ಕಿಂತ ಒಟ್ಟು ಸಮಯವೇ ಮುಖ್ಯವಾಗಿ ಕಂಡಿತಂತೆ. ಅಡುಗೆಮನೆ, ಮಾರ್ಕೆಟ್ಟು, ತಾರಸಿ ಎಲ್ಲ ಸೇರಿದರೆ ನೂರು ನಿಮಿಷ ಅಂಥ ದೂರದ ಲೆಕ್ಕವಲ್ಲ.

ನಿಂತು ಮಾಡುವ ಕೆಲಸದವರಿಗೆ, ಮಂಡಿಯೂ ನೋಯುವವರಿಗೆ ನನ್ನ ಲೆಕ್ಕ ಹೊಂದದಿರಬಹುದು. ಕೂತು ದುಡಿಯುವವರು, ತಿಂಗಳ ದುಡ್ಡು ಎಣಿಸಿ ಖರ್ಚು ಮಾಡುವವರು ಮಾತ್ರ ಮೊದಲು ಇದನ್ನೇ ಮಾಡಿ. ಹಾಸಿಗೆ ತೀರಾ ಕುಸಿದಿದ್ದರೆ ಮಧ್ಯಮ ಗಟ್ಟಿಯದು ನೋಡಿ, ಅಂಗಡಿಯಲ್ಲಿ ನೀವು ಮಲಗುವ ಮಗ್ಗುಲಲ್ಲೇ ಹತ್ತು ನಿಮಿಷ ಮಲಗಿ, ಜೊತೆಗೆ ಬಂದವರಿಗೆ ಸೊಂಟದ ಕೆಳಗೆ ಕೈ ತೂರಿಸಿ ನೋಡೋಕೆ ಹೇಳಿ.

ನಡಿಗೆಗೆ ಅಂತ ನಾನು ತಂದದ್ದು 1,700 ರೂಪಾಯಿಯ ಒಂದು ಜೊತೆ ಶೂ. ಒಂಬತ್ತು ತಿಂಗಳಾಯಿತು, ಬಲಗಾಲಿನದರ ಹಿಮ್ಮಡಿ ಸವೆದಿದೆ. ಈ ತಿಂಗಳ ಚೀಟಿ ಎತ್ತಿದ ಮೇಲೆ ಎರಡು ಜೊತೆ ತಗೊಳ್ಳಬೇಕು, ಒಂದು ನನಗೆ, ಒಂದು ಅತ್ತೆಗೆ. ಅವರೂ ಈಗ ಎರಡನೇ ಬೆಂಚಿನ ತನಕ ಬರುತ್ತಾರೆ.