ಮೂರು ವರ್ಷ, ಒಂದು ಡಬ್ಬಿ ಲೆದರ್ ಕಂಡೀಷನರ್: ಉಳಿದದ್ದೇನು, ಕೆಟ್ಟದ್ದೇನು

ಮೊದಲೇ ಅಂಕ ಹೇಳಿಬಿಡುತ್ತೇನೆ: ಐದಕ್ಕೆ ಮೂರೂವರೆ. ಡಬ್ಬಿಯ ಮೇಲೆ ‘ಎಲ್ಲ ಬಗೆಯ ಲೆದರ್‌ಗೂ’ ಅಂತ ಅಚ್ಚು ಹಾಕಿದ್ದಕ್ಕೆ ಒಂದು ಪೂರ್ತಿ ಸ್ಟಾರ್ ಕಡಿತ. ಉಳಿದ ಅರ್ಧ ಮುಚ್ಚಳದ ಲೆಕ್ಕಕ್ಕೆ. ಎರಡನೇ ವರ್ಷದಿಂದ ಅದನ್ನು ಎಬ್ಬಿಸಲು ಐದು ರೂಪಾಯಿ ನಾಣ್ಯ ಬೇಕೇ ಬೇಕು.

ಲೆದರ್ ಒಣಗಿ ಬಿರುಕು ಬಿಡದ ಹಾಗೆ ಹಚ್ಚುವ ಮುಲಾಮು ಇದು, 2022ರ ಆಗಸ್ಟ್‌ನಲ್ಲಿ ತರಿಸಿದ್ದು. 100 ಗ್ರಾಂ, 449 ರೂಪಾಯಿ. ಒಳಗಿರುವುದು ಜೇನುಮೇಣ, ಲ್ಯಾನೋಲಿನ್ ಅಂದರೆ ಕುರಿ ಉಣ್ಣೆಯಿಂದ ತೆಗೆದ ಜಿಡ್ಡು, ಜೊತೆಗೆ ಒಂದೆರಡು ಎಣ್ಣೆ. ಹೆಸರು ಬರೆಯುತ್ತಿಲ್ಲ. ಇದೇ ಪಾಕ ಬೇರೆ ಬೇರೆ ಲೇಬಲ್‌ನಲ್ಲಿ ಸಿಗುತ್ತದೆ, ನಾನು ಹೇಳುವುದು ಬಹುಪಾಲು ಅವಕ್ಕೂ ಹೊಂದುತ್ತದೆ.

ನಾನು ವಾಹನ ವಿಮೆಯ ಸರ್ವೇಯರ್. ಎಲ್ಲಿ ಗಾಡಿ ಗುದ್ದಿಕೊಂಡಿದೆಯೋ ಅಲ್ಲಿಗೆ ಬೈಕು. ಇವತ್ತು ಮುಳಬಾಗಿಲು, ನಾಳೆ ಶ್ರೀನಿವಾಸಪುರ, ನಾಡಿದ್ದು ಟೊಮೆಟೊ ತುಂಬಿದ ಲಾರಿ ಪಲ್ಟಿಯಾದ ಯಾವುದೋ ತಿರುವು. ಕೋಲಾರದ ಕೆಂಧೂಳು ನೋಡಿದವರಿಗೆ ನನ್ನ ಶೂ, ಬ್ಯಾಗುಗಳ ಗತಿ ಬಿಡಿಸಿ ಹೇಳಬೇಕಾಗಿಲ್ಲ.

ಶೂ ಆಂಬೂರಿನದು. ಬಂಗಾರಪೇಟೆಯಲ್ಲಿ ರೈಲು ಹತ್ತಿ ಜೋಲಾರ್‌ಪೇಟೆ, ವಾಣಿಯಂಬಾಡಿ ದಾಟಿದರೆ ಆಂಬೂರು. ಚಪ್ಪಲಿ, ಶೂಗಳೇ ಬದುಕಾಗಿರುವ ಊರು. ಅಲ್ಲಿಂದ ತಂದ ಕಪ್ಪು ಜೋಡಿ ಆರು ತಿಂಗಳಲ್ಲಿ ಬೆರಳು ಮಡಿಯುವ ಕಡೆ ಬಿರುಕು ಬಿಡುವ ಹಾಗೆ ಕಂಡಿದ್ದಕ್ಕೇ ಈ ಡಬ್ಬಿ ತರಿಸಿದ್ದು. ಈ ಕೆಲಸದಲ್ಲಿ ಡಬ್ಬಿ ಗೆದ್ದಿದೆ. ಬ್ರಶ್‌ನಲ್ಲಿ ಧೂಳು ಉದುರಿಸಿ, ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಆರಿದ ಮೇಲೆ ಕಡಲೆಕಾಳಿನಷ್ಟು ಮುಲಾಮು. ಬಟ್ಟೆಗಿಂತ ಬೆರಳೇ ವಾಸಿ, ಮೈಬಿಸಿಗೆ ಮುಲಾಮು ಮೆತ್ತಗಾಗಿ ಮಡಿಕೆಯೊಳಕ್ಕೆ ಇಳಿಯುತ್ತದೆ. ಅರ್ಧ ಗಂಟೆ ಬಿಟ್ಟು ಹಳೇ ಬನಿಯನ್‌ನಲ್ಲಿ ಒರೆಸಿ ತೆಗೆದರೆ ಆಯಿತು. ಮೂರು ವರ್ಷ ಕಳೆದರೂ ಆ ಮಡಿಕೆ ಬಿರುಕು ಬಿಟ್ಟಿಲ್ಲ, ಅಟ್ಟೆ ಮಾತ್ರ ಒಮ್ಮೆ ಬದಲಾಯಿಸಿದ್ದೇನೆ. ಹೊಳಪು ಬೇಕು ಅನ್ನುವವರಿಗೆ ಇದು ನಿರಾಸೆ. ಪಾಲಿಶ್ ಬೇರೆ, ಇದು ಬೇರೆ. ಆಫೀಸಿನ ಮೀಟಿಂಗ್ ಇದ್ದ ದಿನ ಇದರ ಮೇಲೆ ಮಾಮೂಲಿ ಮೇಣದ ಪಾಲಿಶ್ ಹಚ್ಚುತ್ತೇನೆ.

ಆದರೆ ಆರಂಭದ ಉತ್ಸಾಹದಲ್ಲಿ ಪ್ರತಿ ಭಾನುವಾರ ಹಚ್ಚಿದೆ. ಡಿಸೆಂಬರ್ ಚಳಿ ಬಂದಾಗ ಶೂ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಪೊರೆ. ಬೂಷ್ಟು ಅಂದುಕೊಂಡು ಗಾಬರಿಯಾದೆ. ಹೆಂಡತಿಯ ಹೇರ್ ಡ್ರೈಯರ್ ಹಿಡಿದೆ (ಅವಳು ಅಂಗಳದಲ್ಲಿದ್ದಳು), ಹತ್ತು ಸೆಕೆಂಡಿನಲ್ಲಿ ಪೊರೆ ಕರಗಿ ಮಾಯ. ಅಂದರೆ ಬೂಷ್ಟಲ್ಲ, ಕೊಬ್ಬು. ಲೆದರ್ ಹಿಡಿದಿಟ್ಟುಕೊಳ್ಳಲಾಗದಷ್ಟು ಜಿಡ್ಡು ತಿನ್ನಿಸಿದರೆ ಅದು ಚಳಿಗೆ ಹೀಗೆ ಮೇಲೆ ಬಂದು ಹೆಪ್ಪುಗಟ್ಟುತ್ತದೆ. ಬಿಸಿಗಾಳಿಗೆ ಜಗ್ಗದ ಬಿಳಿಯಾದರೆ ಅದು ಬೂಷ್ಟು, ಇಲ್ಲವೇ ಉಪ್ಪು. ಅಂದಿನಿಂದ ಎರಡು-ಮೂರು ತಿಂಗಳಿಗೊಮ್ಮೆ ಸಾಕು ಮಾಡಿದ್ದೇನೆ. ಹೆಚ್ಚು ಹಚ್ಚಿದರೆ ಇನ್ನೊಂದು ಕಾಟವೂ ಇದೆ, ಧೂಳು ಬೆಲ್ಲಕ್ಕೆ ನೊಣ ಮುತ್ತಿದ ಹಾಗೆ ಅಂಟುತ್ತದೆ.

ಉಪ್ಪಿನ ವಿಷಯ ಬಂತಲ್ಲ, ಅದು ನಮ್ಮೂರಿಗೇ ಮೀಸಲಾದ ಪಾಠ. ಕಂದು ಬಣ್ಣದ ಆಫೀಸ್ ಬ್ಯಾಗನ್ನು ಮನೆಯ ನಲ್ಲಿ ನೀರಲ್ಲಿ ಚೆನ್ನಾಗಿ ಒರೆಸಿ, ಆರುವ ಮುಂಚೆ ಮುಲಾಮು ಹಚ್ಚಿ ಮಲಗಿದೆ. ಬೆಳಿಗ್ಗೆ ನೋಡಿದರೆ ಅಂಚಿನ ಉದ್ದಕ್ಕೂ ಬಿಳಿ ನಕ್ಷೆ. ಕಂಡೀಷನರ್‌ನದೇ ತಪ್ಪೆಂದು ಕಂಪನಿಗೆ ಮೇಲ್ ಹಾಕಿದೆ. ‘ಮೃದುವಾದ ಬಟ್ಟೆ ಬಳಸಿ’ ಎಂಬ ಒಂದೇ ಸಾಲಿನ ಉತ್ತರ ನಾಲ್ಕು ದಿನ ಬಿಟ್ಟು ಬಂತು. ಬಸ್ ನಿಲ್ದಾಣದ ಹತ್ತಿರ ಕೊಡೆ ಕೆಳಗೆ ಕೂತು ಚಪ್ಪಲಿ ರಿಪೇರಿ ಮಾಡುವ ಅಣ್ಣನಿಗೆ ತೋರಿಸಿದೆ. ಅವರು ಬ್ಯಾಗಿನ ಅಂಚನ್ನು ಉಗುರಲ್ಲಿ ಕೆರೆದು, ನೇರವಾಗಿ ಕೇಳಿದರು:

‘ಬೋರ್ ನೀರಲ್ಲಿ ಒರೆಸಿದ್ರಾ ಸಾರ್?’

‘ಹೌದು.’

‘ಆ ನೀರು ಸೋಲಾರ್ ಪೈಪನ್ನೇ ಕಟ್ಟಿಸಿಬಿಡುತ್ತೆ. ಇದನ್ನ ಬಿಡುತ್ತಾ?’

ಸಾವಿರ ಅಡಿ ಕೆಳಗಿಂದ ಎತ್ತುವ ಗಡಸು ನೀರು ಅದು. ಕೊಳೆ ತೆಗೆದು ಉಪ್ಪು ಕೂರಿಸಿ ಹೋಗುತ್ತದೆ. ಒಂದು ಪಾಲು ಬಿಳಿ ವಿನೆಗರ್, ಎರಡು ಪಾಲು ಆರ್‌ಓ ನೀರು ಬೆರೆಸಿ, ಬಟ್ಟೆ ಅದ್ದಿ, ಹಿಂಡಿ ಒರೆಸಿದರೆ ಕಲೆ ಎರಡು ಸಲಕ್ಕೆ ಹೋಯಿತು. ಲೆದರ್ ಸ್ವಭಾವತಃ ಹುಳಿ ಕಡೆಯದು, ಅದಕ್ಕೆ ಸ್ವಲ್ಪ ವಿನೆಗರ್ ಒಗ್ಗುತ್ತದೆ. ಬಟ್ಟೆ ಸೋಪು, ಪಾತ್ರೆ ಸೋಪಿನಂಥ ಕ್ಷಾರ ಒಗ್ಗುವುದಿಲ್ಲ. ಈಗ ಮನೆಯಲ್ಲಿ ಲೆದರ್‌ಗೆ ಅಂತಲೇ ಒಂದು ಬಾಟಲಿ ಆರ್‌ಓ ನೀರು ಪ್ರತ್ಯೇಕ. ಮುಲಾಮಿಗಿಂತ ಈ ಬಾಟಲಿಯಿಂದಲೇ ಬ್ಯಾಗಿಗೆ ಹೆಚ್ಚು ಉಪಕಾರವಾಗಿದೆ ಅಂತ ನನ್ನ ಅಂದಾಜು.

ಇನ್ನು ಅಪ್ಪನ ಚಪ್ಪಲಿ. ಇಲ್ಲಿ ತಪ್ಪು ನನ್ನದೇ, ಆದರೂ ಡಬ್ಬಿಯ ಪಾಲೂ ಇದೆ.

ಅಥಣಿ ಕಡೆಯ ಪರಿಚಯಸ್ಥರು ತಂದುಕೊಟ್ಟ ಕೊಲ್ಹಾಪುರಿ ಜೋಡಿ. ಈ ಚಪ್ಪಲಿಗೆ ಸಿಕ್ಕಿರುವ ಭೌಗೋಳಿಕ ಸೂಚಕದಲ್ಲಿ (ಜಿಐ, ಅಂದರೆ ಇಂಥ ಪ್ರದೇಶದ ಸರಕು ಎಂಬ ಅಧಿಕೃತ ಗುರುತು) ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳೂ ಇವೆ. ತೊಗಟೆ, ಕಾಯಿಗಳ ಕಷಾಯದಲ್ಲಿ ಹದ ಮಾಡಿದ ತೊಗಲು, ಮೇಲೆ ಬಣ್ಣದ ಪದರವಿಲ್ಲ. ಆಂಬೂರಿನ ಶೂ ಥರದ್ದು ಕ್ರೋಮಿಯಂ ಲವಣದಲ್ಲಿ ಹದವಾದದ್ದು. ಎರಡರ ಗುರುತು ಕತ್ತರಿಸಿದ ಅಂಚಿನಲ್ಲಿ ಸಿಗುತ್ತದೆ: ಕ್ರೋಮಿನದು ಒಳಗೆ ಸಾಮಾನ್ಯವಾಗಿ ನೀಲಿ-ಬೂದಿ ಛಾಯೆ, ತೊಗಟೆಯದು ಆಚೆಯಿಂದೀಚೆಗೂ ಕಂದು. ಇನ್ನೊಂದು ಪರೀಕ್ಷೆ ನೀರ ಹನಿಯದು. ಮರೆಯಲ್ಲಿರುವ ಕಡೆ ಒಂದು ಹನಿ ಬಿಡಿ. ಮುತ್ತಿನ ಹಾಗೆ ನಿಂತರೆ ಮೇಲೆ ಪದರವಿದೆ, ಧೈರ್ಯವಾಗಿ ಹಚ್ಚಬಹುದು. ಹೀರಿಕೊಂಡು ಕಪ್ಪಾದರೆ ನೀವು ಹಚ್ಚುವ ಮುಲಾಮಿಗೂ ಅದೇ ಗತಿ.

ಇದು ನನಗೆ ಆಮೇಲೆ ಗೊತ್ತಾಗಿದ್ದು. ಆ ದಿನ ಅಪ್ಪ ಮದುವೆಗೆ ಹೋಗಬೇಕು, ಚಪ್ಪಲಿ ಒಣಗಿ ಕಿರುಗುಟ್ಟುತ್ತಿದೆ ಅಂದರು. ಉದಾರವಾಗಿ ಹಚ್ಚಿದೆ. ಜೇನಿನ ಬಣ್ಣದ ಪಟ್ಟಿ ಹತ್ತು ನಿಮಿಷದಲ್ಲಿ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಇಳಿಯಿತು. ಅದೂ ಒಂದೇ ಸಮ ಅಲ್ಲ, ನನ್ನ ಬೆರಳು ಮೊದಲು ಇಟ್ಟ ಕಡೆಯೆಲ್ಲ ಚಿರತೆ ಮಚ್ಚೆ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

‘ಇದಕ್ಕೆ ನಾನೂರೈವತ್ತು ಕೊಟ್ಟೆಯೇನೋ?’

ಅಷ್ಟೇ. ರಬ್ಬರ್ ಚಪ್ಪಲಿ ಹಾಕಿಕೊಂಡೇ ಮದುವೆಗೆ ಹೋದರು.

ಆಮೇಲೆ ಅವರೇ ಹೇಳಿದ್ದು: ಬಾವಿಗೆ ಕಪಿಲೆ ಕಟ್ಟುತ್ತಿದ್ದ ಕಾಲದಲ್ಲಿ ನೀರೆತ್ತುವ ತೊಗಲ ಚೀಲಕ್ಕೆ ತಾತ ಹರಳೆಣ್ಣೆ ಸವರುತ್ತಿದ್ದರಂತೆ. ಚಪ್ಪಲಿಗೂ ಅದೇ. ಬೆರಳ ತುದಿಯಲ್ಲಿ ತೆಗೆದು, ಅಂಗೈಗೆ ಉಜ್ಜಿಕೊಂಡು, ಅಂಗೈಯಿಂದ ಪಟ್ಟಿಗೆ. ಅಂದರೆ ಎಣ್ಣೆ ನೇರವಾಗಿ ತೊಗಲಿಗೆ ಬೀಳಲೇಬಾರದು. ಆಗ ತೊಗಲು ಹದ ಮಾಡುತ್ತಿದ್ದುದೂ ನಮ್ಮ ಕಣ್ಣೆದುರಿನ ಗಿಡದಿಂದಲೇ. ಬೆಟ್ಟದ ತಪ್ಪಲಲ್ಲಿ, ರಸ್ತೆ ಪಕ್ಕದಲ್ಲಿ ಹಳದಿ ಹೂ ಬಿಡುವ ತಂಗಡಿ ಇದೆಯಲ್ಲ, ಆವರಿಕೆ ಅಂತಲೂ ಅನ್ನುತ್ತಾರೆ, ಅದರ ತೊಗಟೆ. ದಕ್ಷಿಣ ಭಾರತದ ಹಳೇ ಹದಗಾರಿಕೆಗೆ ಅದೇ ಬಂಡವಾಳವಾಗಿತ್ತು. ದಿನಾ ಅದರ ಪಕ್ಕದಲ್ಲೇ ಬೈಕು ಓಡಿಸುತ್ತೇನೆ, ಮೇಕೆಯೂ ಮೂಸದ ಗಿಡ ಅಂದುಕೊಂಡಿದ್ದೆ.

ಕೊಬ್ಬರಿ ಎಣ್ಣೆ ಬಗ್ಗೆ ಕೇಳುವವರಿಗೆ: ಬೇಡ. ಡಬ್ಬಿ ಬರುವ ಮುಂಚೆ ನಾನೂ ಬೆಲ್ಟಿಗೆ ಹಚ್ಚಿದ್ದೆ. ಹೀರಿಕೊಳ್ಳುತ್ತದೆ, ಮತ್ತೆ ಬೆವರಿನ ಜೊತೆ ಈಚೆ ಬರುತ್ತದೆ, ಬಿಳಿ ಶರ್ಟಿನ ಸೊಂಟದಲ್ಲಿ ಕಂದು ಗೆರೆ.

ಸ್ವೇಡ್, ಅಂದರೆ ಮಖಮಲ್ಲಿನಂಥ ಮೈಯ ಲೆದರ್, ಅದರ ಕತೆ ಚಿಕ್ಕದು, ದುಃಖದ್ದು. ಭಾಮೈದ ದೀಪಾವಳಿಗೆ ಬಂದಾಗ ಮಳೆಯಲ್ಲಿ ತೊಯ್ದ ಬೂದು ಸ್ವೇಡ್ ಶೂ ಬಿಟ್ಟು, ‘ಭಾವ, ನಿಮ್ಮ ಆ ಡಬ್ಬಿ ಇದೆಯಲ್ಲ’ ಅಂದ. ‘ಎಲ್ಲ ಬಗೆಯ’ ಅನ್ನುವುದನ್ನು ನಂಬಿ ಒಂದು ಶೂವಿನ ಮೂತಿಗೆ ಹಚ್ಚಿದೆ. ಸ್ವೇಡ್‌ನ ಚಂದವೆಲ್ಲ ಅದರ ರೋಮದಲ್ಲಿದೆ. ಮೇಣ ಬಿದ್ದರೆ ಅದು ಹಸು ನೆಕ್ಕಿದ ಕರುವಿನ ಮೈಯಂತೆ ಅಂಟಿಕೊಂಡು ಮಲಗುತ್ತದೆ, ಮತ್ತೆ ಏಳುವುದಿಲ್ಲ. ಸ್ವೇಡ್‌ಗೂ ಅದರ ಹಾಗೇ ಉಜ್ಜಿ ರೋಮ ಎಬ್ಬಿಸಿದ ನ್ಯೂಬಕ್‌ಗೂ ಗಟ್ಟಿ ಬ್ರಶ್ ಮತ್ತು ಕಲೆ ಉಜ್ಜುವ ರಬ್ಬರ್, ಅಷ್ಟೇ. ಅವನು ಈಗಲೂ ಆ ಶೂ ಹಾಕುತ್ತಾನೆ, ನಮ್ಮ ಮನೆಗೆ ಬರುವಾಗ ಮಾತ್ರ.

ಹೆಂಡತಿಯ ಮಿರುಗುವ ಪೇಟೆಂಟ್ ಲೆದರ್ ಕೈಚೀಲಕ್ಕೆ ಇದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ. ಮೇಲಿರುವುದು ಪ್ಲಾಸ್ಟಿಕ್‌ನಂಥ ಪದರ, ಒಳಗೆ ಏನೂ ಇಳಿಯದು. ಒದ್ದೆ ಬಟ್ಟೆ ಸಾಕು. ಅತ್ತೆ ಮನೆಯ ಸೋಫಾ ಸಿಪ್ಪೆ ಏಳುತ್ತಿದೆ, ಡಬ್ಬಿ ಕಳಿಸಿ ಅಂದರು. ಹಾಗೆ ಸಿಪ್ಪೆ ಏಳುವುದು ಬಹುಪಾಲು ಅಸಲಿ ಲೆದರ್ ಅಲ್ಲ, ರೆಕ್ಸಿನ್ ಜಾತಿಯದು, ಅದಕ್ಕೆ ಯಾವ ಮುಲಾಮೂ ಮದ್ದಲ್ಲ. ಅವರಿಗೆ ಇದನ್ನು ಹೇಳುವ ಕೆಲಸ ಹೆಂಡತಿಗೆ ವಹಿಸಿದ್ದೇನೆ. ಅಂಗಡಿಯವನು ‘ಪ್ಯೂರ್ ಲೆದರ್’ ಅಂತಲೇ ಮಾರಿದ್ದನಂತೆ.

ಮಳೆಗಾಲದ ಮಾತು ಒಂದಿಷ್ಟು. ಕೋಲಾರದಲ್ಲಿ ಮಳೆ ಕಮ್ಮಿ ಅನ್ನುವುದು ನಿಜ, ಆದರೆ ಅಕ್ಟೋಬರ್-ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮೂರು ದಿನ ಜಡಿ. ತೊಯ್ದ ಶೂವನ್ನು ಒಲೆ ಹತ್ತಿರ ಇಡಬೇಡಿ, ಬಿಸಿಲಿಗೂ ಒಡ್ಡಬೇಡಿ. ಒದ್ದೆ ತೊಗಲು ಬಿಸಿಗೆ ಮುದುರಿ ಗಟ್ಟಿಯಾದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಒಳಗೆ ಪೇಪರ್ ತುರುಕಿ, ಎರಡು ಗಂಟೆಗೊಮ್ಮೆ ಬದಲಾಯಿಸಿ, ಫ್ಯಾನ್ ಕೆಳಗೆ. ಪೂರ್ತಿ ಆರಿದ ಮೇಲೆ ಕಂಡೀಷನರ್. ಈ ಸಂದರ್ಭದಲ್ಲಿ ಡಬ್ಬಿ ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ, ಬಿರುಸಾದ ಶೂ ಮಾರನೇ ದಿನಕ್ಕೆ ಬಾಗುತ್ತದೆ. ಬೂಷ್ಟು ಹಿಡಿದರೆ ಮಾತ್ರ ಇದನ್ನು ಮುಟ್ಟಿಸಬೇಡಿ, ಬೂಷ್ಟಿಗೆ ಊಟ ಬಡಿಸಿದ ಹಾಗೆ. ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಒಳಗೆ ಕಟ್ಟಿಟ್ಟಿದ್ದ ಬೆಲ್ಟಿಗೆ ಹಾಗಾಗಿತ್ತು. ಅಂಗಳದಲ್ಲಿ ಬ್ರಶ್ ಮಾಡಿ, ಮೆಡಿಕಲ್ ಶಾಪಿನ ಸ್ಪಿರಿಟ್‌ಗೆ ಅಷ್ಟೇ ನೀರು ಬೆರೆಸಿ ಒರೆಸಿದೆ. ಮೊದಲು ಒಳಮೈಯಲ್ಲಿ ನೋಡಿಕೊಳ್ಳಿ, ಬಣ್ಣ ಬಿಡುವುದುಂಟು. ಈಗ ಎಲ್ಲವೂ ಹಳೇ ದಿಂಬಿನ ಕವರ್‌ನಲ್ಲಿ, ಗಾಳಿಯಾಡುವ ಹಾಗೆ.

ಡಬ್ಬಿಯಲ್ಲಿ ಇನ್ನೂ ಮೂರನೇ ಒಂದು ಭಾಗ ಉಳಿದಿದೆ. ವಾಸನೆ ಕೆಟ್ಟಿಲ್ಲ, ಬಣ್ಣ ಕೊಂಚ ಮಂಕಾಗಿದೆ. ಏಪ್ರಿಲ್ ಬಿಸಿಲಲ್ಲಿ ಬೈಕ್ ಬಾಕ್ಸಿನಲ್ಲಿ ಬಿಟ್ಟಿದ್ದಾಗ ಕರಗಿ ಒಂದು ಕಡೆಗೆ ವಾಲಿ ಹೆಪ್ಪುಗಟ್ಟಿದೆ, ಮುಚ್ಚಳ ಕಚ್ಚಿಕೊಂಡಿದ್ದೂ ಅವತ್ತಿನಿಂದಲೇ. ಇಬ್ಬರು-ಮೂವರ ಮನೆಗೆ 50 ಗ್ರಾಂ ಧಾರಾಳ. ಕಪ್ಪು, ಗಾಢ ಕಂದು ಶೂ ಇರುವವರು ಕಣ್ಣುಮುಚ್ಚಿ ತಗೊಳ್ಳಿ. ತಿಳಿ ಬಣ್ಣದ, ಪದರವಿಲ್ಲದ ತೊಗಲಿರುವವರು ಹನಿ ಬಿಟ್ಟು ನೋಡಿ ತಗೊಳ್ಳಿ.

ಈ ಸಂಕ್ರಾಂತಿಗೆ ಅಪ್ಪ ಅಥಣಿಯಿಂದ ಹೊಸ ಜೋಡಿ ತರಿಸಿಕೊಂಡರು. ಎಲ್ಲರ ಚಪ್ಪಲಿ ಸ್ಟ್ಯಾಂಡಿನಲ್ಲಿದ್ದರೆ ಅವರದು ಮಾತ್ರ ಅವರ ಮಂಚದ ಕೆಳಗೆ, ಪಕ್ಕದಲ್ಲಿ ಒಂದು ಸಣ್ಣ ಬಾಟಲಿ ಹರಳೆಣ್ಣೆ.